ಬೀಟ್‌ರೂಟ್ ಜಾಡಿಯ ಕೈಬರಹ

ನೆವೆನಾ ಅಕ್ಷರ ಆರಿಸುವಾಗ ಗಿರಾಕಿಯ ಮುಖ ನೋಡುವುದಿಲ್ಲ. ಏನು ಅಚ್ಚಾಗಬೇಕೋ ಅದನ್ನು ಒಂದು ಸಲ ಬಾಯಿಬಿಟ್ಟು ಓದಿ ಎನ್ನುತ್ತಾಳೆ, ಕಣ್ಣು ಮುಚ್ಚಿ ಕೇಳುತ್ತಾಳೆ. ಮದುವೆಯ ಕರೆಯೋಲೆ ಓದುವ ಹುಡುಗಿಯ ದನಿ ಯಾವ ಪದದ ಮೇಲೆ ಏರಿತು, ಹಲ್ಲಿನ ಡಾಕ್ಟರು ತನ್ನದೇ ಹೆಸರನ್ನು ಎಷ್ಟು ಬೇಗ ನುಂಗಿಬಿಟ್ಟ, ಇದೆಲ್ಲ ಅವಳಿಗೆ ಬೇಕು. ಆಮೇಲೆ ಕಂಪ್ಯೂಟರಿನ ಕಡೆ ತಿರುಗಿ ಮೂರೇ ಫಾಂಟು ತೋರಿಸುತ್ತಾಳೆ. ನಾಲ್ಕನೆಯದು ಕೇಳಿದವರಿಗೆ ಮತ್ತೆ ಮೊದಲನೆಯದನ್ನೇ ತೋರಿಸುತ್ತಾಳೆ.

ಸೆವ್ಲಿಯೆವೊ ಊರಿನ ನಮ್ಮ ಮುದ್ರಣದಂಗಡಿಯಲ್ಲಿ ಅವಳು ಹೀಗೆ ಕೂತು ಇಪ್ಪತ್ತೆರಡು ವರ್ಷವಾಯಿತು. ನಾನು ಬೋನ್ಕಾ, ಹಿಂದಿನ ಕೋಣೆಯಲ್ಲಿ ಅಚ್ಚಿನ ಯಂತ್ರ ಮತ್ತು ಕಾಗದ ಕತ್ತರಿಸುವ ಯಂತ್ರ ನೋಡಿಕೊಳ್ಳುವವಳು. ಅವಳು ಆರಿಸಿದ್ದು ನನ್ನ ಕೈಗೆ ಬರುತ್ತದೆ. ಇಷ್ಟು ವರ್ಷದಲ್ಲಿ ಅವಳ ನಿಯಮಗಳು ನನಗೂ ಬಾಯಿಪಾಠವಾಗಿವೆ. ವಕೀಲರಿಗೆ, ಔಷಧಿ ಅಂಗಡಿಗೆ ಹೊಸ ಕಾಲದ ನೆಟ್ಟಗಿನ ಅಕ್ಷರ, ಕೊಂಕು ಬಾಲ ಏನೂ ಇರಬಾರದು. ಮಗುವಿನ ನಾಮಕರಣಕ್ಕೆ, ಐಸ್‌ಕ್ರೀಮ್ ಗಾಡಿಗೆ ಕುಣಿದಾಡುವ ಕೈಬರಹ. ಸತ್ತವರಿಗೆ ಮಾತ್ರ ಒಂದೇ ಫಾಂಟು, ಕಪ್ಪು ಅಂಚಿನೊಳಗೆ, ಮೇಯರನಿಗೂ ಬೀದಿ ಗುಡಿಸಿದವನಿಗೂ ಅದೇ. ಸತ್ತ ದಿನ, ನಲವತ್ತನೆಯ ದಿನ, ಆರನೇ ತಿಂಗಳು, ವರ್ಷ ತುಂಬಿದ ದಿನ, ಹೀಗೆ ನಮ್ಮಲ್ಲಿ ಸಾವಿನ ಚೀಟಿಗಳು ಮನೆಬಾಗಿಲಿಗೂ ಬಸ್ ನಿಲ್ದಾಣಕ್ಕೂ ಮರಕ್ಕೂ ಅಂಟುತ್ತಲೇ ಇರುತ್ತವೆ. ಅಂಗಡಿ ಅರ್ಧ ನಡೆಯುವುದೇ ಅದರಿಂದ. ಸತ್ತವರ ಮುಂದೆ ಜಾಣತನ ತೋರಿಸಬಾರದು ಎಂಬುದು ನೆವೆನಾಳ ಮಾತು.

ಕೈಬರಹದ ಫಾಂಟುಗಳನ್ನು ಅವಳು ಪರೀಕ್ಷಿಸುವ ರೀತಿಯೂ ಅವಳದೇ. ಒಂದೇ ಅಕ್ಷರ ಎರಡು ಸಲ ಬರುವ ಪದವೊಂದನ್ನು ಒತ್ತುತ್ತಾಳೆ. ಎರಡೂ ಅಕ್ಷರ ಅವಳಿಜವಳಿಯಂತೆ ಬಂದರೆ ಮೂಗು ಮುರಿಯುತ್ತಾಳೆ. ಕೈ ಎಂಬುದು ಒಂದು ಅಕ್ಷರವನ್ನು ಎರಡು ಸಲ ಒಂದೇ ರೀತಿ ಬರೆಯುವುದಿಲ್ಲವಂತೆ. ಕಾಲು ನೋಯುತ್ತಿದ್ದರೆ ಒಂದು ರೀತಿ, ಒಲೆಯ ಮೇಲೆ ಹಾಲಿಟ್ಟು ಬಂದಿದ್ದರೆ ಇನ್ನೊಂದು ರೀತಿ.

ಆ ವರ್ಷ ಆಗಸ್ಟಿನಲ್ಲಿ ತ್ರಿಫೊನ್ ಎಂಬವನು ಬಂದ. ಊರ ಹೊರಗೆ ಶೆಡ್ ಕಟ್ಟಿ ಲ್ಯುತೆನಿತ್ಸಾ ತಯಾರಿಸಿ ಮಾರಲು ಹೊರಟಿದ್ದ. ಸುಟ್ಟ ಕೆಂಪು ದಪ್ಪಮೆಣಸಿನಕಾಯಿ, ಟೊಮೇಟೊ ಕಲಸಿ ಗಂಟೆಗಟ್ಟಲೆ ತಿರುವಿ ಕುದಿಸುವ ಆ ಗೊಜ್ಜನ್ನು ಮನೆಯಲ್ಲಿ ಮಾಡದ ಹೆಂಗಸು ನಮ್ಮೂರಿನಲ್ಲಿ ಆಗ ಇರಲಿಲ್ಲ. ಆದರೂ ಕೊಳ್ಳುವವರು ಬರುತ್ತಾರೆ ಎಂಬ ನಂಬಿಕೆ ಅವನಿಗೆ. ಜಾಡಿಯ ಮೇಲೆ ‘ಅಜ್ಜಿಯ ಅಡುಗೆಮನೆ’ ಎಂದು ಬರಬೇಕು. ಅಕ್ಷರ ಆಟವಾಡಿದ ಹಾಗಿರಬೇಕು, ಹೊಸದಾಗಿಯೂ ಇರಬೇಕು, ಅಜ್ಜಿಯೇ ಬರೆದಂತೆಯೂ ಇರಬೇಕು. ನೆವೆನಾ ತನ್ನ ನಿಯಮ ಮುರಿದು ಹನ್ನೊಂದು ಫಾಂಟು ತೋರಿಸಿದಳು. ಅವನು ಸುರುಳಿ ಸುರುಳಿಯಾಗಿದ್ದ ಒಂದನ್ನು ಮೆಚ್ಚಿದ. ಅವಳಿಗೆ ಹಿಡಿಸಲಿಲ್ಲ.

“ಈ ಅಕ್ಷರ ಬರ್ದಿರೋದು ಉಗುರಿಗೆ ಬಣ್ಣ ಹಚ್ಕೊಂಡಿರೋ ಹುಡುಗಿ ಕೈ. ಬಿಸಿ ಜಾಡಿ ಮುಟ್ಟೇ ಇಲ್ಲ ಇದು,” ಎಂದಳು. ಸೆಪ್ಟೆಂಬರ್ ಕೊನೆಯವರೆಗೆ ಸಮಯ ಕೇಳಿಕೊಂಡಳು.

ಅವಳ ಮನಸ್ಸಿನಲ್ಲಿದ್ದದ್ದು ಅತ್ತೆಯ ಜಾಡಿಗಳು. ಅತ್ತೆಯನ್ನು ಬೀದಿಯೆಲ್ಲ ವಸಿಲಿತ್ಸಾ ಎನ್ನುತ್ತಿತ್ತು, ವಸಿಲನ ಹೆಂಡತಿ ಎಂದು. ನಮ್ಮ ಕಡೆ ಮದುವೆಯಾದ ಹೆಣ್ಣಿಗೆ ಗಂಡನ ಹೆಸರಿಗೇ ಒಂದು ಬಾಲ ಸೇರಿಸಿ ಕರೆದರೆ ಮುಗಿಯಿತು. ವಸಿಲ್ ಸತ್ತು ಹದಿನಾರು ವರ್ಷವಾಗಿದ್ದರೂ ಆಕೆ ವಸಿಲಿತ್ಸಾಳೇ. ಕೆಳಗಿನ ಮನೆಯಲ್ಲಿ ಆಕೆ, ಮೇಲೆ ನೆವೆನಾ ಮತ್ತು ನಲ್ಲಿ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಅವಳ ಗಂಡ ಒಗ್ನ್ಯಾನ್. ಅಡುಗೆಮನೆ ಒಂದೇ, ಅದು ಕೆಳಗೆ. ನೆಲಮಾಳಿಗೆಯ ಹಲಗೆಗಳ ಮೇಲೆ ಪ್ರತಿ ಚಳಿಗಾಲಕ್ಕೂ ಇನ್ನೂರು ಜಾಡಿ ಸಾಲಾಗಿ ನಿಲ್ಲುತ್ತಿದ್ದವು. ಗಾಯಕ್ಕೆ ಹಚ್ಚುವ ಬಿಳಿ ಅಂಟುಪಟ್ಟಿಯ ತುಂಡು ಕತ್ತರಿಸಿ, ಅದರ ಮೇಲೆ ಪದಾರ್ಥದ ಹೆಸರು ಮತ್ತು ವರ್ಷ ಬರೆದು, ಪ್ರತಿ ಜಾಡಿಗೂ ಆಕೆ ಅಂಟಿಸುತ್ತಿದ್ದಳು. ಬರೆಯುತ್ತಿದ್ದದ್ದು ಹಳೆಯ ಕಾಲದ ಕೆಮಿಕಲ್ ಪೆನ್ಸಿಲ್ಲಿನಲ್ಲಿ, ನೀರು ತಾಗಿದರೆ ನೇರಳೆಯಾಗುವಂಥದು. ಮೊನೆಯನ್ನು ನಾಲಿಗೆಗೆ ತಾಗಿಸಿ ತಾಗಿಸಿ ಬರೆದು, ಸೆಪ್ಟೆಂಬರ್ ಪೂರ್ತಿ ಆಕೆಯ ನಾಲಿಗೆಯ ತುದಿ ನೇರಳೆ ಬಣ್ಣಕ್ಕಿರುತ್ತಿತ್ತು.

ಆ ಜಾಡಿಗಳು ಬೀದಿಯಲ್ಲಿ ಸುತ್ತಾಡುತ್ತಿದ್ದವು. ಹೆರಿಗೆಯಾದವಳಿಗೆ ಪ್ಲಮ್, ಕಾಲು ಮುರಿದವನ ಮನೆಗೆ ಬೀನ್ಸ್. ಖಾಲಿ ಜಾಡಿ ತೊಳೆದು ವಾಪಸು ಕೊಡುವುದು ರೂಢಿ. ವಸಿಲಿತ್ಸಾಳ ಜಾಡಿ ಯಾವುದೆಂದು ಯಾರೂ ತಪ್ಪುತ್ತಿರಲಿಲ್ಲ. ಎತ್ತರದ, ಮುಂದಕ್ಕೆ ಬಾಗಿದ, ಗಾಳಿಗೆದುರು ನಡೆಯುವವರಂಥ ಅಕ್ಷರ.

ನೆವೆನಾ ಒಂದು ಸಂಜೆ ಬಿಳಿ ಹಾಳೆ ಹಿಡಿದು ಕೆಳಗಿಳಿದಳು. ಎಲ್ಲ ಅಕ್ಷರಗಳನ್ನೂ ಒಂದೆರಡು ಸಲ ಬರೆದುಕೊಟ್ಟರೆ ಅದರಿಂದ ಫಾಂಟು ಮಾಡಬಹುದೆಂದು ವಿವರಿಸಿದಳು. ಅತ್ತೆ ಒಲೆಯ ಬಳಿ ನಿಂತು ಬ್ರೆಡ್ಡಿನ ತುದಿ ಅಗಿಯುತ್ತಿದ್ದಳು, ಊಟ ಎಂದರೆ ಆಕೆಗೆ ಅದೇ. ತಾನು ಸೊಸೆಯಾಗಿ ಬಂದ ಹದಿನೆಂಟು ವರ್ಷದಲ್ಲಿ ಆಕೆ ಮೇಜಿಗೆ ಕೂತು ಉಂಡದ್ದನ್ನು ನೆವೆನಾ ನೋಡಿರಲಿಲ್ಲ.

“ಅರ್ಧ ಗಂಟೆ ಸಾಕು ಅತ್ತೆ. ಕೂತ್ಕೊಂಡು ಬರೀರಿ.”

“ಅರ್ಧ ಗಂಟೆ ಎಲ್ಲಿಂದ ತರ್ಲಿ? ನಲವತ್ತು ಕಿಲೋ ಮೆಣಸಿನಕಾಯಿ ಬಂದು ಬಾಗ್ಲಲ್ಲಿ ಕೂತಿದೆ.”

“ನಾನು ಸಿಪ್ಪೆ ಸುಲೀತೀನಿ.”

“ನೀನ್ ಸುಲಿದ್ರೆ ಉಣ್ಣೋರ ಹಲ್ಲಿಗೆಲ್ಲ ಸಿಪ್ಪೆ.” ಅತ್ತೆ ಹಾಳೆಯನ್ನು ತಿರುಗಿಸಿ ನೋಡಿದಳು. “ಆ ತ್ರಿಫೊನ್ ಜಾಡಿ ಮೇಲೆ ಏನಂತ ಬರ್ಸ್ತಾನೆ?”

“ಅಜ್ಜಿಯ ಅಡುಗೆಮನೆ ಅಂತ.”

“ಯಾವ ಅಜ್ಜಿ?”

“ಯಾವ್ದೂ ಇಲ್ಲ. ಬರೀ ಅಜ್ಜಿ.”

“ಬರೀ ಅಜ್ಜಿ ಅನ್ನೋಳು ಯಾವತ್ತೂ ಸೌಟು ತಿರುವಿಲ್ಲಮ್ಮ. ತಿರುವ್ದೋಳಿಗೆ ಒಂದು ಹೆಸರಿರತ್ತೆ,” ಎಂದು ಅತ್ತೆ ಹಾಳೆಯನ್ನು ಫ್ರಿಜ್ಜಿನ ಬಾಗಿಲಿಗೆ ಸಿಕ್ಕಿಸಿದಳು. “ಇಲ್ಲಿರ್ಲಿ. ಮೆಣಸಿನಕಾಯಿ ಮುಗೀಲಿ, ಬರೀತೀನಿ.”

ಮರುದಿನ ನೆವೆನಾ ಇದನ್ನು ನನಗೆ ನಗುನಗುತ್ತ ಹೇಳಿದಳು. ಹೇಳುತ್ತ ಹೇಳುತ್ತ ನಗು ನಿಂತಿತು. “ಆ ಮಾತು ಕೇಳಿ ಮೆಟ್ಲು ಹತ್ತೋವಾಗ ಅತ್ತೆ ಹೆಸರು ಏನು ಅಂತ ಯೋಚ್ನೆ ಮಾಡ್ಬೇಕಾಯ್ತು ಬೋನ್ಕಾ. ಐದಾರು ಮೆಟ್ಲು ಬೇಕಾಯ್ತು.”

ಮೆಣಸಿನಕಾಯಿ ಮುಗಿಯಲಿಲ್ಲ. ಸೆಪ್ಟೆಂಬರ್ ಹತ್ತೊಂಬತ್ತರ ಬೆಳಿಗ್ಗೆ ಅಂಗಳದಲ್ಲಿ, ಮೆಣಸಿನಕಾಯಿ ಸುಡುವ ವಿದ್ಯುತ್ ಒಲೆಯ ಪಕ್ಕದಲ್ಲೇ ಆಕೆ ಕುಸಿದಳು. ಆಸ್ಪತ್ರೆಗೆ ಒಯ್ಯುವಷ್ಟು ಹೊತ್ತೂ ಕೊಡಲಿಲ್ಲ. ಸುಟ್ಟಿದ್ದ ಮೂರು ಬೋಗುಣಿ ಮೆಣಸಿನಕಾಯಿ ಕೆಡಬಾರದೆಂದು ಆ ಮಧ್ಯಾಹ್ನ ಅಕ್ಕಪಕ್ಕದ ಹೆಂಗಸರು ಬಂದು ಸಿಪ್ಪೆ ಸುಲಿದು, ತಿರುವಿ, ಕುದಿಸಿ, ಜಾಡಿಗೆ ತುಂಬಿ ಮುಚ್ಚಳ ಬಿಗಿದರು. ಹೆಣ ಒಳಕೋಣೆಯಲ್ಲಿತ್ತು. ಆ ಜಾಡಿಗಳಿಗೆ ಮಾತ್ರ ಯಾರೂ ಪಟ್ಟಿ ಅಂಟಿಸಲಿಲ್ಲ. ಫ್ರಿಜ್ಜಿನ ಮೇಲಿನ ಹಾಳೆ ಖಾಲಿಯೇ ಇತ್ತು.

ಸಾವಿನ ಚೀಟಿಯನ್ನು ನೆವೆನಾಳೇ ಅಂಗಡಿಗೆ ಬಂದು ಮಾಡಿದಳು. ಒಗ್ನ್ಯಾನ್ ಫೋನಿನಲ್ಲಿ ಹೇಳಿ ಬರೆಸಿದ: ದಿವಂಗತ ವಸಿಲ್ ಡ್ರಾಗನೊವ್ ಅವರ ಪತ್ನಿ, ಒಗ್ನ್ಯಾನ್ ಮತ್ತು ಇಸ್ಕ್ರಾ ಅವರ ತಾಯಿ, ಒಲುಮೆಯ ಅತ್ತೆ, ಅಜ್ಜಿ. ಮೇಲೆ ಇದ್ದ ಹೆಸರು ಓದಿ ಇದು ಯಾರದು ಎಂದು ನಾನು ಕೇಳಿದೆ. ತ್ಸೋನಾ ಡ್ರಾಗನೊವಾ ಎಂದಿತ್ತು. ಅವಳು ಕೆಳಗೆ ಕಂಸ ಹಾಕಿ ‘ವಸಿಲಿತ್ಸಾ’ ಎಂದು ಸೇರಿಸಿದಳು. ಇಲ್ಲದಿದ್ದರೆ ಬೀದಿಯವರಿಗೆ ತಿಳಿಯುತ್ತಿರಲಿಲ್ಲ. ಒಬ್ಬಳೇ ಇರುವ ಫೋಟೊ ಹುಡುಕಿದಾಗ ಸಿಕ್ಕಿದ್ದು ಮೂವತ್ತು ವರ್ಷ ಹಿಂದಿನ ಗುರುತಿನ ಚೀಟಿಯದು, ಅದು ಯಾರ ಮುಖವೂ ಆಗಿರಬಹುದಿತ್ತು.

ತ್ರಿಫೊನನ ಲೇಬಲ್ಲಿಗೆ ಅವಳು ಆ ಸುರುಳಿ ಫಾಂಟನ್ನೇ ಹಾಕಿ ಮುಗಿಸಿದಳು. ಅವನಿಗೆ ಕುಣಿದಾಡುವಷ್ಟು ಖುಷಿಯಾಯಿತು. ಬಣ್ಣ ಸರಿಯಾಗದೆ ಉಳಿದ ಒಂದಷ್ಟು ಲೇಬಲ್ ಹಾಳೆಗಳನ್ನು ನೆವೆನಾ ಮನೆಗೊಯ್ದು ಅಡುಗೆಮನೆಯ ಡ್ರಾಯರಿನಲ್ಲಿ ಹಾಕಿದಳು.

ಒಂಬತ್ತನೆಯ ದಿನದ ಶಾಸ್ತ್ರ ಕಳೆದ ಮೇಲೆ ಅವಳು ನನಗೆ ಹೇಳಿದಳು, ನಲವತ್ತನೆಯ ದಿನದ ಚೀಟಿಯಲ್ಲಿ ಅತ್ತೆಯ ಹೆಸರು ಅತ್ತೆಯ ಕೈಬರಹದಲ್ಲೇ ಬರಬೇಕು ಎಂದು. ಹೆಂಡತಿ, ತಾಯಿ, ಅಜ್ಜಿ ಯಾವುದೂ ಬೇಡ, ಹೆಸರೊಂದೇ. ಸತ್ತವರ ಮುಂದೆ ಜಾಣತನ ಬೇಡ ಎಂಬ ಅವಳದೇ ಮಾತನ್ನು ನೆನಪಿಸಿದೆ. ಅವಳು ಒಪ್ಪಲಿಲ್ಲ. ಇಷ್ಟು ವರ್ಷ ಬೇರೆಯವರ ಜಾಡಿಗೆಲ್ಲ ಅಕ್ಷರ ಹುಡುಕಿಕೊಟ್ಟೆ, ಮನೆಯವರ ಹೆಸರಿಗೆ ಒಂದು ಸಲ ಹುಡುಕಬಾರದೇ ಎಂದಳು. ಆದರೆ ಅತ್ತೆ ಎಲ್ಲಿಯೂ ತನ್ನ ಹೆಸರು ಬರೆದಿಟ್ಟಿರಲಿಲ್ಲ. ತನ್ನ ಮನೆಯ ಜಾಡಿಗೆ ಯಾರು ತನ್ನ ಹೆಸರು ಬರೆಯುತ್ತಾರೆ? ಪಟ್ಟಿಗಳ ಮೇಲಿನ ಬೇರೆ ಬೇರೆ ಪದಗಳಿಂದ ಅಕ್ಷರ ಎತ್ತಿ ಜೋಡಿಸಬೇಕಿತ್ತು. ನಮ್ಮ ಬರಹದಲ್ಲಿ ಸ್ವರಕ್ಕೂ ಬೇರೆಯೇ ಅಕ್ಷರ, ಆ ಹೆಸರಿಗೆ ನಾಲ್ಕೇ: ತ್ಸ, ಓ, ನ, ಆ.

ಒಗ್ನ್ಯಾನ್ ಒಪ್ಪಲಿಲ್ಲ. ಜನ ಉಪ್ಪಿನಕಾಯಿ ಜಾಹೀರಾತು ಅಂದುಕೊಳ್ಳುತ್ತಾರೆ ಎಂದ. ಹೆಸರಿಗೆ ಜಾಗ ಬಿಟ್ಟ ಕರಡು ತೋರಿಸಿದಾಗ ಕೇಳಿದ: “ಅಪ್ಪನ ಹೆಸರೆಲ್ಲಿ?”

“ಅಪ್ಪನ ಚೀಟಿನೂ ನಾನೇ ಮಾಡಿದ್ದು. ಅದ್ರಲ್ಲಿ ಅಮ್ಮನ ಹೆಸರು ಎಲ್ಲಿತ್ತು ಒಗ್ನ್ಯಾನ್?”

ಒಗ್ನ್ಯಾನ್ ಕೊನೆಗೆ, ಜನಕ್ಕೆ ಓದಲು ಬರದಿದ್ದರೆ, ಯಾರಾದರೂ ಒಬ್ಬರು ನಕ್ಕರೂ, ಹಳೆಯ ರೀತಿಯ ಚೀಟಿಯನ್ನೇ ಅದರ ಮೇಲೆ ಅಂಟಿಸುವೆ ಎಂದ. ಅದನ್ನೂ ಮಾಡಿಕೊಡು ಎಂದು ಹೆಂಡತಿಯಿಂದಲೇ ಮಾಡಿಸಿಕೊಂಡು, ಸುರುಳಿ ಸುತ್ತಿ ಇಟ್ಟುಕೊಂಡ.

ನೆವೆನಾ ಅಂದೇ ನೆಲಮಾಳಿಗೆಗೆ ಇಳಿಯಬೇಕಿತ್ತು. ಇಳಿಯಲಿಲ್ಲ. ಈಗ ಕೆಳಗಿನ ಒಲೆಯೂ ಅವಳದು, ಇಪ್ಪತ್ತನೆಯ ದಿನ ಸತ್ತವರ ಹೆಸರಿನಲ್ಲಿ ಹಂಚಲು ಬೇಯಿಸುವ ಗೋಧಿಯೂ ಅವಳದು. ಕಣಕ ನಾದಬೇಕು, ಬಂದವರಿಗೆ ಬಡಿಸಬೇಕು, ಎಂಟು ಗಂಟೆ ಅಂಗಡಿಯಲ್ಲಿ ಕೂರಬೇಕು. ನಾಳೆ ಇಳಿಯುತ್ತೇನೆ, ಈ ಪಾತ್ರೆ ಮುಗಿಯಲಿ ಎನ್ನುತ್ತಿದ್ದಳು. ಹೀಗೆ ಹೇಳಿದ ಒಂದು ದಿನ ತನ್ನ ಮಾತು ಅತ್ತೆಯ ಮಾತಿನ ಹಾಗೆ ತನಗೇ ಕೇಳಿಸಿ ಬೆಚ್ಚಿದೆ ಎಂದೂ ನನ್ನ ಬಳಿ ಹೇಳಿದಳು. ಆದರೂ ದಿನಗಳು ಓಡಿದವು.

ನಲವತ್ತಕ್ಕೆ ಎರಡು ದಿನ ಇರುವಾಗ ನಾದಿನಿ ಇಸ್ಕ್ರಾ ರಾಜಧಾನಿ ಸೋಫಿಯಾದಿಂದ ಬಂದಳು. ಅತ್ತಿಗೆ ಒಬ್ಬಳೇ ದುಡಿದು ಸೋತಿದ್ದಾಳೆ, ಕೈಗೂಡಿಸೋಣ ಎಂದೇ ಬಂದದ್ದು. ಆ ದಿನ ಸತ್ತವರ ಹೆಸರಿನಲ್ಲಿ ಬೀದಿಯವರಿಗೆ ಏನಾದರೂ ಹಂಚಬೇಕು. ಅಮ್ಮನ ಜಾಡಿಗಳನ್ನೇ ಹಂಚುವುದೆಂದು ಮೊದಲೇ ತೀರ್ಮಾನವಾಗಿತ್ತು. ನೆವೆನಾ ಅಂಗಡಿಯಿಂದ ಮನೆಗೆ ಹೋದಾಗ ಜಾಡಿಗಳೆಲ್ಲ ಮೇಜಿನ ಮೇಲೆ ಥಳಥಳ ಹೊಳೆಯುತ್ತಿದ್ದವು. ಪ್ರತಿಯೊಂದರ ಮೇಲೂ ತ್ರಿಫೊನನ ಸುರುಳಿ ಅಕ್ಷರ, ‘ಅಜ್ಜಿಯ ಅಡುಗೆಮನೆ’. ಇಸ್ಕ್ರಾ ಡ್ರಾಯರಿನಲ್ಲಿ ಹಾಳೆ ನೋಡಿ, ಅತ್ತಿಗೆ ಇದಕ್ಕೆಂದೇ ತಂದಿಟ್ಟಿದ್ದಾಳೆ ಎಂದುಕೊಂಡಿದ್ದಳು.

ನೆವೆನಾ ಮರುಬೆಳಿಗ್ಗೆ ಅಂಗಡಿ ತೆರೆಯುವ ಮೊದಲೇ ನನ್ನ ಮನೆ ಬಾಗಿಲು ತಟ್ಟಿದಳು. ಅವಳ ಕೈಯೆರಡೂ ನೇರಳೆ. ನಡೆದದ್ದನ್ನು ಹೊಸಿಲಲ್ಲೇ ನಿಂತು ಹೇಳಿದಳು.

ಹಳೆಯ ಪಟ್ಟಿಗಳೆಲ್ಲಿ ಎಂದು ಅವಳು ನಾದಿನಿಯನ್ನು ಕೇಳಿದ್ದಳು. “ಆ ಬ್ಯಾಂಡೇಜ್ ಚೂರುಗಳಾ? ನೆನೆಹಾಕಿ ಕಿತ್ತೆ ಅತ್ತಿಗೆ. ಅಮ್ಮನ ಹೆಸ್ರಲ್ಲಿ ಹಂಚೋದು, ಆಸ್ಪತ್ರೆ ಜಾಡಿ ಥರ ಕಾಣ್ಬಾರ್ದು ಅಂತ,” ಎಂದಿದ್ದಳು ಇಸ್ಕ್ರಾ. ಹಿತ್ತಲಲ್ಲಿ ಬಕೆಟ್ಟು ಇನ್ನೂ ಇತ್ತು. ನೀರು ದ್ರಾಕ್ಷಾರಸದ ಹಾಗೆ ನೇರಳೆಯಾಗಿತ್ತು. ನೆವೆನಾ ಕೈ ಅದ್ದಿ ಒಂದೊಂದೇ ಪಟ್ಟಿ ಎತ್ತಿದಳು. ಹೆಚ್ಚಿನವು ಬರೀ ಕಲೆ. ಏನು ಹುಡುಕುತ್ತಿದ್ದಾಳೆಂದು ತಿಳಿದ ಮೇಲೆ ಇಸ್ಕ್ರಾ ಪಕ್ಕದಲ್ಲಿ ಮಂಡಿಯೂರಿ ಕೂತು ಅತ್ತಳು. ಅಳುತ್ತಲೇ ತಾನೂ ಕೈ ಹಾಕಿದಳು. ನೆನೆದು ಇನ್ನೂ ಪೂರ್ತಿ ಹರಡದಿದ್ದ ಮೂರು ಪಟ್ಟಿ ಸಿಕ್ಕವು, ಟೊಮೇಟೊ, ಬೀನ್ಸ್, ಪ್ಲಮ್. ಹೆಸರಿನ ಕೊನೆಯ ಮೂರು ಅಕ್ಷರಕ್ಕೆ ಅಷ್ಟು ಸಾಕು.

ಮೊದಲಕ್ಷರ ಮಾತ್ರ ಯಾವುದರಲ್ಲೂ ಇರಲಿಲ್ಲ. ನಮ್ಮ ನುಡಿಯಲ್ಲಿ ಆ ಅಕ್ಷರದಿಂದ ಶುರುವಾಗುವ ತರಕಾರಿ ಅತ್ತೆಯ ಹಲಗೆಯ ಮೇಲೆ ಒಂದೇ, ಬೀಟ್‌ರೂಟ್. ಆ ಮನೆಯಲ್ಲಿ ಬೀಟ್‌ರೂಟ್ ಯಾರಿಗೂ ಸೇರದು. ವಸಿಲನಿಗೆ ಅದರ ವಾಸನೆಯೇ ಆಗುತ್ತಿರಲಿಲ್ಲ, ಮಕ್ಕಳು ಮುಟ್ಟರು. ತಿನ್ನುತ್ತಿದ್ದವಳು ಅತ್ತೆಯೊಬ್ಬಳೇ.

“ಅಷ್ಟೂ ಜಾಡೀಲಿ ಬೀಟ್‌ರೂಟ್ ಇತ್ತಾ?” ಎಂದು ನೆವೆನಾ ಕೇಳಿದಳು.

“ಇಲ್ಲಪ್ಪ. ಅದನ್ನ ಯಾರಿಗೆ ಕೊಡೋದು, ಯಾರ್ ತಗೋತಾರೆ? ಹಿಂದ್ಗಡೆ ಇದ್ರೆ ಇದ್ದಾವು.”

ಟಾರ್ಚು ಹಿಡಿದು ಇಬ್ಬರೂ ನೆಲಮಾಳಿಗೆಗೆ ಇಳಿದರು. ಕೆಳಗಿನ ಹಲಗೆಯ ಮೂಲೆಯಲ್ಲಿ, ಖಾಲಿ ಡಬ್ಬಿಗಳ ಹಿಂದೆ, ಎರಡು ಸಣ್ಣ ಜಾಡಿಗಳಿದ್ದವು. ಸಾಸಿವೆ ಬರುವ ಪುಟ್ಟ ಜಾಡಿಗಳು, ಬೇರೆ ಯಾವುದಕ್ಕೂ ಆಗದಂಥವು. ಪಟ್ಟಿ ಒಣಗಿತ್ತು, ಅಕ್ಷರ ಮಾಸಿದ ನೇರಳೆಯಲ್ಲಿ ಗಟ್ಟಿಯಾಗಿ ನಿಂತಿತ್ತು. ಮೊದಲಕ್ಷರ ಉಳಿದವಕ್ಕಿಂತ ದೊಡ್ಡದು. ಮೆಣಸಿನಕಾಯಿಗೂ ಪ್ಲಮ್ಮಿಗೂ ಓಡೋಡಿ ಬರೆದ ಕೈ ಇಲ್ಲಿ ನಿಧಾನವಾಗಿ ಬರೆದಿತ್ತು. ಅಕ್ಷರದ ಬಾಲವನ್ನು ಕೊಂಚ ಎಳೆದು ಮೇಲಕ್ಕೆ ತಿರುಗಿಸಿಯೂ ಇತ್ತು.

ಆ ಎರಡರಲ್ಲಿ ಒಂದು ಜಾಡಿಯನ್ನು ಅವಳು ಕೋಟಿನ ಜೇಬಿನಲ್ಲಿಟ್ಟು ತಂದಿದ್ದಳು. ಅಂಗಡಿಯಲ್ಲಿ ನಾಲ್ಕು ಪಟ್ಟಿಗಳನ್ನೂ ಸ್ಕ್ಯಾನ್ ಮಾಡಿ ಅಕ್ಷರಗಳನ್ನು ಪಕ್ಕಪಕ್ಕ ತಂದಳು. ಮೊದಲನೆಯದು ಸ್ಪಷ್ಟ, ಉಳಿದವುಗಳ ಅಂಚು ನೀರಿನಿಂದ ಹರಡಿತ್ತು. ಅಂಚು ನಯ ಮಾಡಬಹುದಲ್ಲ, ಎರಡು ನಿಮಿಷದ ಕೆಲಸ ಎಂದೆ. ಗಿರಾಕಿಗಳಿಗೆ ಅವಳು ದಿನಾ ಮಾಡಿಕೊಡುವ ಕೆಲಸವದು. ಅವಳು ಮೌಸಿನ ಮೇಲಿಂದ ಕೈ ತೆಗೆದಳು.

“ಬೇಡ. ನೆನೆದಿದ್ದು ನೆನೆದ ಹಾಗೇ ಇರ್ಲಿ.”

ಹೆಸರಿನ ಕೆಳಗೆ, ಎಂದಿನ ಗಂಭೀರ ಫಾಂಟಿನಲ್ಲಿ, ನಲವತ್ತು ದಿನ ಎಂದೂ ಚರ್ಚಿನ ಹೊತ್ತೂ ಹಾಕಿದಳು. ಫೋಟೊ ಇಲ್ಲ. ನಾನು ಇಪ್ಪತ್ತು ಪ್ರತಿ ಅಚ್ಚು ಹಾಕಿದೆ.

ಮರುದಿನ ಚರ್ಚೂ ಸ್ಮಶಾನವೂ ಮುಗಿಸಿ ಬಂದ ಮೇಲೆ ಅಂಗಳದಲ್ಲಿ ಮೇಜು ಹಾಕಿ ಜಾಡಿಗಳನ್ನಿಟ್ಟರು. ಸುರುಳಿ ಅಕ್ಷರದ ಲೇಬಲ್ಲುಗಳನ್ನು ಇಸ್ಕ್ರಾ ಬೆಳಿಗ್ಗೆಯೇ ಎದ್ದು ಕಿತ್ತುಹಾಕಿದ್ದಳು. ಜಾಡಿಗಳು ಬೆತ್ತಲೆಯಾಗಿ ನಿಂತಿದ್ದವು. ಗೇಟಿನ ಮೇಲೆ ಚೀಟಿ. ಒಗ್ನ್ಯಾನ್ ಗೇಟಿನ ಬಳಿಯೇ ನಿಂತಿದ್ದ, ಅವನ ಕೋಟಿನ ಒಳಜೇಬಿನಿಂದ ಇನ್ನೊಂದು ಚೀಟಿಯ ಸುರುಳಿ ಇಣುಕುತ್ತಿತ್ತು. ನಾನು ಬೇಯಿಸಿದ ಗೋಧಿಯ ತಟ್ಟೆ ಹಿಡಿದು ಮೇಜಿನ ಹತ್ತಿರ. ನೆವೆನಾ ಅಡುಗೆಮನೆಯ ಬಾಗಿಲಲ್ಲಿ, ಕೈಯಲ್ಲಿ ಒರೆಸುವ ಬಟ್ಟೆ, ಆದರೆ ಏನನ್ನೂ ಒರೆಸುತ್ತಿರಲಿಲ್ಲ.

ಮೊದಲು ಬಂದವಳು ಎದುರುಮನೆಯ ಮುದುಕಿ ಗೆರ್ಗಿನಾ. ಕಣ್ಣು ಮಂಜು. ಮೂಗು ತಾಗುವಷ್ಟು ಹತ್ತಿರ ಹೋಗಿ ಚೀಟಿ ನೋಡಿದಳು. ಒಗ್ನ್ಯಾನನ ಕೈ ಜೇಬಿನ ಕಡೆ ಹೋಯಿತು.

“ಇದು ವಸಿಲಿತ್ಸಾ ಕೈ ಕಣೋ. ಬೀನ್ಸ್ ಜಾಡಿ ಮೇಲೆ ಬರೀತಿದ್ದ ಕೈ,” ಎಂದಳು ಗೆರ್ಗಿನಾ. “ಕನ್ನಡ್ಕ ತಂದಿಲ್ಲ. ಏನು ಬರ್ದಿದಾಳೆ?”

“ಹೆಸ್ರು, ಚಿಕ್ಕಮ್ಮ.”

“ಯಾರ್ ಹೆಸ್ರು?”

ಐವತ್ತು ವರ್ಷ ಅಮ್ಮ ಎಂದದ್ದು ಬಿಟ್ಟು ಆ ಹೆಸರು ಒಗ್ನ್ಯಾನನ ನಾಲಿಗೆಗೆ ಬಂದಿರಲಿಕ್ಕಿಲ್ಲ.

“ಅಮ್ಮಂದು. ತ್ಸೋನಾ.”

“ತ್ಸೋನಾ,” ಎಂದಳು ಮುದುಕಿ. ಮೇಜಿನ ಹತ್ತಿರ ಬಂದು ಗೋಧಿ ಬಾಯಿಗೆ ಹಾಕಿಕೊಂಡು ಒಂದು ಜಾಡಿ ತೆಗೆದುಕೊಂಡಳು. ಹಂಚಿದ್ದನ್ನು ಪಡೆದವರು ಸತ್ತವರ ಹೆಸರು ಹಿಡಿದು ಒಂದು ಮಾತು ಹೇಳಬೇಕು, ಹೇಳದೆ ಕೈ ಹಿಂತೆಗೆಯುವಂತಿಲ್ಲ. “ದೇವರು ತ್ಸೋನಾಳನ್ನ ಕ್ಷಮಿಸ್ಲಿ,” ಎಂದಳು.

ಅವಳ ಹಿಂದೆ ಬೀದಿಯ ಹೆಂಗಸರ ಸಾಲಿತ್ತು. ಒಬ್ಬೊಬ್ಬಳೂ ಗೇಟಿನಲ್ಲಿ ನಿಂತು, ಕೈ ಗುರುತು ಹಿಡಿದು, ಹೆಸರು ಕೇಳಿ, ಒಳಗೆ ಬಂದಳು. ಒಬ್ಬೊಬ್ಬಳೂ ಜಾಡಿ ಹಿಡಿದು ಆ ಹೆಸರು ಹೇಳಿದಳು. ಅಂಗಳದಲ್ಲಿ ಅರ್ಧ ಗಂಟೆ ಅದೊಂದೇ ಮಾತು ಕೇಳಿಸಿತು. ಯಾರೂ ನಗಲಿಲ್ಲ. ಒಗ್ನ್ಯಾನ್ ಜೇಬಿನ ಸುರುಳಿಯನ್ನು ತೆಗೆಯಲಿಲ್ಲ. ಆ ಕೋಟನ್ನು ನೆವೆನಾ ವಸಂತದಲ್ಲಿ ತೊಳೆಯಲು ಹಾಕುವಾಗ ಅದು ಅಲ್ಲೇ ಇತ್ತಂತೆ.

ಎಲ್ಲರೂ ಹೋದ ಮೇಲೆ ತೊಟ್ಟಿಯ ತುಂಬ ಪಾತ್ರೆ ಬಿದ್ದಿತ್ತು. ನಾನು ತೋಳು ಮಡಿಸಿದೆ. ನೆವೆನಾ ನನ್ನನ್ನು ಕೂರಿಸಿದಳು, ಇಸ್ಕ್ರಾಳನ್ನೂ ಕೂರಿಸಿದಳು, ತಾನೂ ಮೇಜಿಗೆ ಕೂತಳು. ಎರಡನೆಯ ಸಾಸಿವೆ ಜಾಡಿಯ ಮುಚ್ಚಳ ತೆಗೆದು ಮೂವರ ನಡುವೆ ಇಟ್ಟಳು. ಒಗ್ನ್ಯಾನ್ ಬಾಗಿಲಲ್ಲಿ ನಿಂತು ನೋಡಿ, ತೊಟ್ಟಿಯ ಕಡೆ ಹೋಗಿ ನಲ್ಲಿ ತಿರುಗಿಸಿದ. ಬೀಟ್‌ರೂಟ್ ಹುಳಿಯಾಗಿ, ಜೀರಿಗೆಯ ಘಮ ಹಿಡಿದು, ಚೆನ್ನಾಗಿತ್ತು.

ಚೀಟಿ ಊರಲ್ಲೆಲ್ಲ ಕಂಡು ತ್ರಿಫೊನ್ ಮುಂದಿನ ವಾರ ಅಂಗಡಿಗೆ ಓಡಿ ಬಂದ. ಇಂಥದ್ದೇ ತನಗೆ ಬೇಕಾಗಿದ್ದು, ಪೂರ್ತಿ ಫಾಂಟು ಮಾಡಿಕೊಡಿ, ಎಷ್ಟಾದರೂ ಸರಿ ಎಂದ.

“ನಾಲ್ಕೇ ಅಕ್ಷರ ಇರೋದು ತ್ರಿಫೊನ್. ಅದ್ರಲ್ಲಿ ನಿಮ್ಮ ಅಜ್ಜಿ ಹೆಸ್ರು ಬರಲ್ಲ,” ಎಂದು ನೆವೆನಾ ಬೇರೆ ಕೆಲಸಕ್ಕೆ ತಿರುಗಿದಳು.

ಈಗಲೂ ಅವಳು ಕಣ್ಣು ಮುಚ್ಚಿಯೇ ಕೇಳುತ್ತಾಳೆ. ಆದರೆ ಸತ್ತ ಹೆಂಗಸಿನ ಚೀಟಿಗೆಂದು ಯಾರಾದರೂ ಬಂದರೆ ಓದಿ ಮುಗಿದ ಮೇಲೆ ಕಣ್ಣು ತೆರೆದು, ಆಕೆ ಕೈಯಾರೆ ಬರೆದದ್ದು ಮನೆಯಲ್ಲಿ ಏನಾದರೂ ಇದೆಯೇ ಎಂದು ವಿಚಾರಿಸುತ್ತಾಳೆ. ಹೆಚ್ಚಿನವರು ಇಲ್ಲ ಎನ್ನುತ್ತಾರೆ. ಅವಳು ಫಾಂಟು ತೋರಿಸುವುದಿಲ್ಲ, ನೆಲಮಾಳಿಗೆಯ ಹಲಗೆಯ ಹಿಂಬದಿಯನ್ನು ಒಂದು ಸಲ ನೋಡಿ ಬನ್ನಿ ಎಂದು ಕಳಿಸುತ್ತಾಳೆ.